ಬಿಳಿ ಉಣ್ಣೆಯ ಹಾರ್ಲಪ್ಪ

ಯಾರ ಹೆಗಲ ಮೇಲೆ ಕಂಬಳಿ ಕಂಡರೂ ಅದರ ಅಂಚು ಹಿಡಿದು, ಎರಡು ಬೆರಳ ನಡುವೆ ತಿಕ್ಕಿ, ಒಂದು ಎಳೆ ಬಿಡಿಸಿ ತುಟಿಗೆ ಸವರಿಕೊಳ್ಳುವ ಚಟ ಅವರಿಗಿತ್ತು. ಕೇಳುವುದು ಗೀಳುವುದು ಏನೂ ಇಲ್ಲ. ರಾಯದುರ್ಗದ ಸಂತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿ ಆರಿಸುತ್ತಿದ್ದ ಒಬ್ಬ ಮುದುಕನ ಹಿಂದೆ, ಆರಡಿ ಮೀರಿದ ಆ ಬಿಳಿ ಮನುಷ್ಯ ಬಗ್ಗಿ ನಿಂತು ಕಂಬಳಿಯ ಎಳೆಯನ್ನು ತುಟಿಗಿಟ್ಟುಕೊಂಡು ಕಣ್ಣು ಮುಚ್ಚಿದ್ದನ್ನು ನಾನೇ ನೋಡಿದ್ದೇನೆ. ಮುದುಕ ತಿರುಗಿ ನೋಡಿದವನೇ ಬೆದರಿ, ಕಂಬಳಿಯನ್ನು ಅಲ್ಲೇ ಬಿಟ್ಟು ಓಡಿದ. ಇವರು ಕಂಬಳಿ ಹಿಡಿದುಕೊಂಡು ಅವನ ಬೆನ್ನು ಹತ್ತಿದರು. "ನಿಲ್ರಿ, ನಿಲ್ರಿ! ಈ ಕುರಿ ಯಾವೂರದ್ರಿ?" ಎಂದು ಅವರು ಕೂಗುತ್ತಿದ್ದರೆ ಸಂತೆಗೆ ಸಂತೆಯೇ ನಗುತ್ತಿತ್ತು.

ಅವರ ಹೆಸರು ಹಾರ್ಲೋ. ಕುರುಬರ ಬಾಯಲ್ಲಿ ಅದು ತಿಂಗಳೊಪ್ಪತ್ತಿನಲ್ಲಿ ಹಾರ್ಲಪ್ಪ ಆಯಿತು. ಆಸ್ಟ್ರೇಲಿಯಾದಲ್ಲಿ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವರು. ನಮ್ಮ ಸೀಮೆಯ ಕಪ್ಪು ಕುರಿಗಳ ಒರಟು ಉಣ್ಣೆಯನ್ನು ತಲೆಮಾರಿನಿಂದ ತಲೆಮಾರಿಗೆ ತಿದ್ದಿ, ರೇಷ್ಮೆಯಂಥ ಬಿಳಿ ಉಣ್ಣೆ ಮಾಡುತ್ತೇನೆಂದು ಹಟ ತೊಟ್ಟು ಬಂದಿದ್ದರು. ಮದರಾಸಿನಲ್ಲಿ ಯಾರೋ ಕೆಲವು ದೊಡ್ಡ ಮನುಷ್ಯರು ಅವರ ಬೆನ್ನಿಗಿದ್ದರು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಾನು ಅಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಇಪ್ಪತ್ತಾರು ವಯಸ್ಸು, ಮದುವೆಯಾಗಿ ಎರಡು ವರ್ಷ. ಕನ್ನಡ, ತೆಲುಗು ಮನೆಮಾತಿನಂತೆ ಬರುತ್ತಿದ್ದವು; ಇಂಗ್ಲಿಷನ್ನು ಹೇಗೋ ನಿಭಾಯಿಸುತ್ತಿದ್ದೆ. ಅಷ್ಟು ಸಾಕಾಯಿತು. ನನ್ನನ್ನು ಅವರ ಜೊತೆಗೆ ಹಾಕಿದರು.

ಹಾರ್ಲೋ ಸಾಹೇಬರು ಕನ್ನಡ ಕಲಿತ ರೀತಿಯೇ ವಿಚಿತ್ರ. ಮಾತಿನ ಕೊನೆಗೆ 'ರಿ' ಹಚ್ಚಿದರೆ ಮರ್ಯಾದೆ ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಯಾರಿಗೆ ಹಚ್ಚಬಾರದು ಎಂಬುದನ್ನು ಹೇಳಿರಲಿಲ್ಲ. ಹೀಗಾಗಿ ತಹಸೀಲ್ದಾರರಿಗೂ 'ರಿ', ಕಸ ಬಳಿಯುವವಳಿಗೂ 'ರಿ', ಕುರಿಗೂ 'ರಿ'. ಸಂಜೆ ಹಿಂಡು ಬೆಟ್ಟದ ಮಗ್ಗುಲಿಂದ ಇಳಿಯುವಾಗ ದೊಡ್ಡಿಯ ಬಾಗಿಲಲ್ಲಿ ನಿಂತು, "ಬರ್ರಿ, ಬರ್ರಿ, ಯಾಕ ತಡ ಮಾಡಿದ್ರಿ?" ಎಂದು ಒಂದೊಂದರ ಬೆನ್ನು ಸವರಿ ಒಳಗೆ ಬಿಡುತ್ತಿದ್ದರು. ಒಮ್ಮೆ ನಾನು ನಗು ತಡೆಯಲಾರದೆ, "ಸಾಹೇಬ್ರ, ಕುರಿಗೆ ಹಂಗ ಅನ್ನಂಗಿಲ್ರಿ" ಎಂದೆ. ಅವರು ಗಂಭೀರವಾಗಿ, "ಇರಲಿ ಬಿಡ್ರಿ ನರಸಿಂಗಪ್ಪಾರ. ನಮ್ಮಪ್ಪ ಕುರಿ ಬಿಟ್ಟು ಬ್ಯಾರೆ ಯಾರ ಜೊತಿಗೂ ಮಾತಾಡತಿದ್ದಿಲ್ಲ. ನನ್ನ ಜೊತಿಗೂ" ಎಂದರು. ಅದಾದ ಮೇಲೆ ನಾನು ಅವರನ್ನು ತಿದ್ದಲಿಲ್ಲ.

ಬಿಳಿ ಟಗರುಗಳು ಬಂದ ದಿನ ರಾಯದುರ್ಗದ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ರೈಲಿನಲ್ಲಿ ನಮ್ಮೂರಿಗೆ ಬಂದ ಹನ್ನೊಂದು ಟಗರು. ಕತ್ತಿನ ತುಂಬ ಮಡಿಕೆ ಮಡಿಕೆ ಚರ್ಮ, ಕಣ್ಣಿನವರೆಗೂ ಇಳಿದ ಉಣ್ಣೆ. ಮೇಲೆ ಧೂಳು ಕೂತು ಬೂದಿ ಬಣ್ಣವಾಗಿದ್ದವು. ಸಾಹೇಬರು ಒಂದರ ಮೈಮೇಲಿನ ಉಣ್ಣೆಯನ್ನು ಎರಡು ಕೈಯಿಂದ ಬಗೆದು ತೋರಿಸಿದರು. ಒಳಗೆ ಆಗಷ್ಟೇ ಕಡೆದು ತೆಗೆದ ಬೆಣ್ಣೆಯ ಬಿಳುಪು. ನೆರೆದ ಜನ "ಅಬಾ!" ಎಂದರು. ಕಂಬಳಿ ನೇಯುವ ಎಲ್ಲಪ್ಪಜ್ಜ ಮಾತ್ರ ಮುಂದೆ ಬಂದು ಆ ಉಣ್ಣೆಯಲ್ಲಿ ಬೆರಳಿಳಿಸಿ ಎಳೆ ಜಗ್ಗಿ ನೋಡಿದ.

"ಏನಂತೀರಿ ಅಜ್ಜಾರ?" ಎಂದರು ಸಾಹೇಬರು.

"ಭಾಳ ಮೆತ್ತಗೈತ್ರಿ ದೊರಿ. ಮಳಿ ಬಂದ್ರ ಇದು ನೀರು ಕುಡೀತೈತಿ. ನಮ್ಮ ಕರಿ ಉಣ್ಣಿ ಹಂಗಲ್ಲ, ಹುಣಸಿಬೀಜದ ಗಂಜಿ ಕುಡಿಸಿ ನೇದ್ರ ನೀರು ಮ್ಯಾಲಿಂದ ಮ್ಯಾಲೇ ಜಾರಿ ಹೋಗ್ತೈತಿ. ಕುರಿ ಕಾಯಾವ ಇದನ್ನ ಹೊತ್ಕೊಂಡು ಏನು ಮಾಡ್ಲಿ?"

"ನಿಮ್ಮೂರಾಗ ಮಳಿ ಬರಾದಾದ್ರೂ ಎಷ್ಟು ಅಜ್ಜಾರ?" ಎಂದುಬಿಟ್ಟರು ಸಾಹೇಬರು. ಎಲ್ಲರೂ ನಕ್ಕರು, ಎಲ್ಲಪ್ಪಜ್ಜನೂ ನಕ್ಕ. "ಐದು ವರ್ಸ ಕೊಡ್ರಿ. ಲಂಡನ್ನಿನ ಮಂದಿ ನಿಮ್ಮ ಉಣ್ಣಿ ಉಟ್ಕೊಂಡು ತಿರುಗಾಡತಾರ." ಐದು ವರ್ಷ ಕೊಡಿ ಎನ್ನುವುದು ಅವರ ಮಾತಿನ ರೂಢಿ. ಅಡುಗೆಯವನು ಸೊಪ್ಪು ಸಿಕ್ಕಲಿಲ್ಲ ಎಂದರೂ ಅದನ್ನೇ ಹೇಳುತ್ತಿದ್ದರು.

ರಾಯದುರ್ಗದಲ್ಲಿ ಎರಡು ವರ್ಷ ಎಲ್ಲವೂ ಅವರು ಎಣಿಸಿದಂತೆಯೇ ನಡೆಯಿತು. ಕಪ್ಪು ಕುರಿಗಳ ಹೊಟ್ಟೆಯಲ್ಲಿ ಬೂದು, ಕಂದು, ಬಿಳಿ ಮರಿಗಳು ಹುಟ್ಟಿದವು. ಬೆಟ್ಟದ ಹುಲ್ಲಿನ ಮೊನಚು ಬೀಜಗಳು ಆ ದಟ್ಟ ಉಣ್ಣೆಯಲ್ಲಿ ಸಿಕ್ಕಿ ಚರ್ಮದೊಳಗೆ ಇಳಿಯುತ್ತಿದ್ದವು. ಸಾಹೇಬರು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು, ಮರಿಯನ್ನು ತೊಡೆಗೆ ಹಾಕಿಕೊಂಡು ಒಂದೊಂದೇ ಬೀಜವನ್ನು ಚಿಮಟದಿಂದ ಕೀಳುವರು. ಊಟದ ಹೊತ್ತು ಮೀರಿದರೂ ಏಳುತ್ತಿರಲಿಲ್ಲ. ನನಗೂ ಆ ಹುಚ್ಚು ಹತ್ತಿತ್ತು. ಮನೆಗೆ ಹೋದರೆ ಮೈಯೆಲ್ಲ ಉಣ್ಣೆಯ ಜಿಡ್ಡಿನ ವಾಸನೆ. ನನ್ನ ಹೆಂಡತಿ ಹಿತ್ತಿಲ ಬಾಗಿಲಲ್ಲೇ ನೀರಿಡುತ್ತಿದ್ದಳು.

ಆದರೆ ಒಂದು ದೊಡ್ಡಿಯ ಕುರಿಯಿಂದ ಅವರಿಗೆ ತೃಪ್ತಿಯಿರಲಿಲ್ಲ. ಒಂದು ಸೀಮೆಯೇ ಬದಲಾಗಬೇಕು. ಮಡಕಶಿರದ ಕಡೆ ಹವೆ ತಂಪು, ಕೆರೆಯಂಗಳದಲ್ಲಿ ಹುಲ್ಲು ಎಳೆಯದು, ಚುಚ್ಚುವ ಬೀಜ ಕಡಿಮೆ. ಹಿಂಡನ್ನು ಅಲ್ಲಿಗೆ ಸಾಗಿಸಿ ಗುಡಿಬಂಡೆಯ ಸುತ್ತಿನ ಕುರುಬರ ಎಂಟು ಹಟ್ಟಿಗಳನ್ನು ಆರಿಸಿಕೊಂಡರು. ಎಲ್ಲ ಹಟ್ಟಿಗೂ ಬಿಳಿ ಟಗರು ಕೊಡುವುದು. ಆದರೆ ಅದಕ್ಕೊಂದು ಷರತ್ತು. ಆ ಹಟ್ಟಿಗಳಲ್ಲಿ ಬೀಜಕ್ಕೆಂದು ಇಟ್ಟುಕೊಂಡ ಕಪ್ಪು ಟಗರು ಒಂದೂ ಉಳಿಯಬಾರದು. ಒಂದು ಉಳಿದರೂ ಬಯಲಲ್ಲಿ ಹಿಂಡುಗಳು ಬೆರೆತು ಮಾಡಿದ್ದೆಲ್ಲ ನೀರಿಗೆ ಹೋಗುತ್ತದೆ ಎಂಬುದು ಅವರ ವಾದ. ಎಲ್ಲ ಕಪ್ಪು ಟಗರುಗಳ ಬೀಜ ಒಡೆಯಬೇಕು. ಒಡೆಯುವ ಕಬ್ಬಿಣದ ಇಕ್ಕಳ ನನ್ನ ಕೈಯಲ್ಲಿತ್ತು.

ಆರು ಹಟ್ಟಿಗಳವರು ಒಪ್ಪಿದರು. ಬಿಳಿ ಟಗರು ಪುಕ್ಕಟೆ ಬರುತ್ತದೆ, ದೊರೆಯ ಮಾತು ಬೇರೆ. ಏಳನೆಯ ಹಟ್ಟಿಯಲ್ಲಿ ಕರಿಯಮ್ಮ ಎಂಬ ವಿಧವೆ ತನ್ನ ಕುರಿ ರೊಪ್ಪದ ಬಾಗಿಲಿಗೆ ಅಡ್ಡ ನಿಂತಳು. ಐವತ್ತರ ಹೆಂಗಸು. ಸೊಂಟಕ್ಕೆ ಉಣ್ಣೆ ನೂಲುವ ಕದಿರು ಸಿಕ್ಕಿಸಿಕೊಂಡಿದ್ದಳು. ಅವಳ ಹಿಂದೆ ಒಂದು ಟಗರು ನಿಂತಿತ್ತು. ನಾನು ಎಷ್ಟೋ ಟಗರು ನೋಡಿದ್ದೇನೆ, ಅಂಥದ್ದನ್ನು ನೋಡಿಲ್ಲ. ಕಲ್ಲಿದ್ದಲಿನ ಕಪ್ಪು, ಎರಡು ಸುತ್ತು ಬಂದ ಕೊಂಬು, ಗಂಡಸಿನ ಅಂಗೈ ಅಗಲದ ಹಣೆ.

"ಇದ್ರ ಅಪ್ಪನ್ನ ನಮ್ಮಾವ ಸಾಕಿದ್ರು. ಅದ್ರ ಅಪ್ಪನ್ನ ಅವ್ರಪ್ಪ. ಇದು ನಮ್ಮನೆ ಬೀಜ ಸಾಮಿ," ಎಂದಳು. "ನಿಮ್ ಟಗ್ರೂ ಇರ್ಲಿ, ನಮ್ದೂ ಇರ್ಲಿ. ಎಲ್ಡೂ ಮೇಯಾಕೆ ಹುಲ್ಲಿಲ್ವಾ?"

ಅವಳ ಸೀಮೆಯ ಮಾತು ಸಾಹೇಬರಿಗೆ ಅಷ್ಟಾಗಿ ಹಿಡಿಯುವುದಿಲ್ಲ ಎಂದು ನಾನು ತಿಳಿದಿದ್ದೆ. ಬಿಡಿಸಿ ಹೇಳಿದೆ. ಅವರು ಟೋಪಿ ತೆಗೆದು, ಬೆವರೊರೆಸಿಕೊಂಡು, ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನನಗೆ ನಂಬಿಕೆಯಿದೆ ಅನ್ನಿ. ಹಾಗೊಂದು ವೇಳೆ ಏನಾದರೂ ಕೆಟ್ಟದ್ದಾದರೆ ಕೈಲಾದದ್ದನ್ನು ನೋಡೋಣ ಅನ್ನಿ."

ಬಿಸಿಲು ನೆತ್ತಿಗೇರಿತ್ತು. ಇನ್ನೂ ಒಂದು ಹಟ್ಟಿ ಬಾಕಿಯಿತ್ತು. 'ನೋಡೋಣ' ಎಂದರೆ ಈ ಹೆಂಗಸು ಬಾಗಿಲು ಬಿಡುವುದಿಲ್ಲ ಎಂದು ನನಗೆ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳ ಮಾತಿನಲ್ಲೇ ಹೇಳಿದೆ: "ದೊರೆ ಮಾತು ಕೊಡ್ತಾವ್ರೆ ಕಣಮ್ಮ. ನಿನ್ ರೊಪ್ಪ ಬರಿದಾದ್ರೆ ಅದು ಅವರ ತಲೆ ಮೇಲೆ. ತುಂಬಿಸಿ ಕೊಡ್ತಾರೆ."

ಅವಳು ಸಾಹೇಬರ ಮುಖ ನೋಡಿದಳು. ಅವರು ಸುಮ್ಮನೆ ನಿಂತಿದ್ದರು.

"ಮಾತು ಕೊಟ್ರಾ ದೊರೆ?"

ಸಾಹೇಬರು ತಲೆಯಾಡಿಸಿದರು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, ಟಗರಿನತ್ತ ನೋಡದೆ ಕದಿರು ತೆಗೆದು ನೂಲತೊಡಗಿದಳು. ನಾನು ಒಳಗೆ ಹೋದೆ.

ಮೊದಲ ವರ್ಷ ಏನೂ ಆಗಲಿಲ್ಲ. ಹಟ್ಟಿಗಳಲ್ಲಿ ಬಿಳಿ ಮರಿಗಳು ಕುಣಿದಾಡಿದವು. ಕರಿಯಮ್ಮ ಕೂಡ ಒಂದು ಮರಿಯನ್ನು ಎತ್ತಿ ಮುದ್ದಾಡಿದ್ದನ್ನು ಸಾಹೇಬರು ನೋಡಿ ನನಗೆ ತೋರಿಸಿದ್ದರು. ಎರಡನೆಯ ವರ್ಷ ಹಿಂಗಾರು ಹಿಡಿದದ್ದು ಬಿಡಲೇ ಇಲ್ಲ. ಕೆರೆಯಂಗಳ ಜವುಗಾಯಿತು. ಸಣ್ಣ ನೊಣ ಮೋಡದ ಹಾಗೆ ಎದ್ದಿತು. ಮೊದಲು ಒಂದು ಬಿಳಿ ಟಗರು ಮೇವು ಬಿಟ್ಟಿತು. ಮೂತಿ ಊದಿ, ಬಾಯಲ್ಲಿ ಜೊಲ್ಲು ಸುರಿದು, ಗೊರಸಿನ ಮೇಲೆ ಕೆಂಪು ಕಟ್ಟಿ ಅದು ಮೊಣಕಾಲ ಮೇಲೆ ತೆವಳತೊಡಗಿತು. ಬಾಯಿ ಬಿಡಿಸಿ ನೋಡಿದೆ. ನಾಲಿಗೆ ನೇರಳೆ ಹಣ್ಣು ತಿಂದ ಹಾಗೆ ನೀಲಿಗಟ್ಟಿತ್ತು.

ಅದಕ್ಕೆ ಏನು ರೋಗ, ಏನು ಮದ್ದು, ನನಗೆ ತಿಳಿಯಲಿಲ್ಲ. ಬಳ್ಳಾರಿಗೆ, ಮದರಾಸಿಗೆ ತಂತಿ ಕೊಟ್ಟೆವು. ಅಲ್ಲಿಯೂ ಯಾರಿಗೂ ತಿಳಿದಿರಲಿಲ್ಲ. ಸಾಹೇಬರು ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಅದ್ದಿ ಒಂದೊಂದರ ಬಾಯಿಗೂ ಹಿಂಡುತ್ತಿದ್ದರು. "ಕುಡೀರಿ. ಸ್ವಲ್ಪ ಕುಡೀರಿ" ಎಂದು ಬೇಡುತ್ತಿದ್ದರು. ನುಂಗಲು ಅವಕ್ಕೆ ಆಗುತ್ತಲೇ ಇರಲಿಲ್ಲ. ಒಂದು ತಿಂಗಳಲ್ಲಿ ಬಿಳಿ ಟಗರು ಒಂದೂ ಉಳಿಯಲಿಲ್ಲ. ಅವುಗಳ ಹಿಂದೆಯೇ ಮರಿಗಳು ಹೋದವು. ಬೆರಕೆಯಲ್ಲಿ ಬಿಳುಪು ಹೆಚ್ಚಿದ್ದವು ಮೊದಲು, ಕಡಿಮೆಯಿದ್ದವು ಆಮೇಲೆ. ಸುಣ್ಣ ಹಾಕಿ ಹೂಳಿದೆವು. ಹಳೆಯ ಕಪ್ಪು ಕುರಿಗಳು ಮಾತ್ರ ಅದೇ ಮಳೆಯಲ್ಲಿ, ಅದೇ ಜವುಗಿನಲ್ಲಿ, ಏನೂ ಆಗದ ಹಾಗೆ ಮೇಯುತ್ತಿದ್ದವು.

ಮಳೆ ನಿಂತು ಕುರಿಗಳಿಗೆ ಬೆದೆ ಬರುವ ಕಾಲವಾಯಿತು. ಎಂಟು ಹಟ್ಟಿಗಳಲ್ಲಿ ಬೀಜದ ಟಗರು ಒಂದೂ ಇಲ್ಲ. ಸುತ್ತಲಿನ ಬೇರೆ ಊರುಗಳವರು ರೋಗ ಅಂಟೀತೆಂದು ತಮ್ಮ ಟಗರುಗಳನ್ನು ಇತ್ತ ಹಾಯಿಸಲೂ ಒಪ್ಪಲಿಲ್ಲ. ಬೀಜ ಒಡೆದ ದೊಡ್ಡ ಕಪ್ಪು ಟಗರುಗಳು ಕೊಬ್ಬಿ, ಕುರಿಗಳ ನಡುವೆ ಸುಮ್ಮನೆ ಮಲಗಿರುತ್ತಿದ್ದವು.

ಒಂದು ಮಧ್ಯಾಹ್ನ ಕರಿಯಮ್ಮ ನಮ್ಮ ಬಿಡಾರಕ್ಕೆ ಬಂದಳು. ಜೊತೆಗೆ ಬೇರೆ ಹಟ್ಟಿಗಳ ಹತ್ತು ಹದಿನೈದು ಜನ ಗಂಡಸರು. ಅವರೆಲ್ಲ ಬೇಲಿಯ ಹತ್ತಿರವೇ ನಿಂತರು. ಅವಳು ಒಳಗೆ ಬಂದಳು.

"ದೊರೆ, ನಮ್ ಕುರಿ ಗೊಡ್ಡಾಗ್ತಾವೆ," ಎಂದಳು. ದನಿ ಏರಿಸಲಿಲ್ಲ. "ರೊಪ್ಪ ಬರಿದಾದ್ರೆ ತುಂಬಿಸ್ಕೊಡ್ತೀನಿ ಅಂತ ಮಾತು ಕೊಟ್ಟಿದ್ರಿ."

ಸಾಹೇಬರು ನನ್ನತ್ತ ತಿರುಗಿದರು. ನೋಟ ಒಂದೇ ಗಳಿಗೆ ನನ್ನ ಮೇಲಿತ್ತು. ನಾನು ನೆಲ ನೋಡಿದೆ. ತಲೆ ಎತ್ತಿದಾಗ ಕರಿಯಮ್ಮ ನಮ್ಮನ್ನೇ ನೋಡುತ್ತಿದ್ದಳು. ಅವರ ಮುಖ, ನನ್ನ ಮುಖ, ಎರಡನ್ನೂ.

"ಹೌದ್ರಿ," ಎಂದರು ಸಾಹೇಬರು, ಕನ್ನಡದಲ್ಲಿ. "ಕೊಟ್ಟಿದ್ದೆ."

ಮರುದಿನವೇ ರಾಯದುರ್ಗಕ್ಕೆ ಹೊರಟೆವು. ಮದರಾಸಿನಿಂದ ಆಗಲೇ ಕಾಗದ ಬಂದಿತ್ತು, ಇನ್ನು ಮುಂದಕ್ಕೆ ಯಾವ ನೆರವೂ ಇಲ್ಲ ಎಂದು. ಸಾಹೇಬರಲ್ಲಿ ಉಳಿದದ್ದು ಒಂದು ಕುದುರೆ, ಒಂದು ಬಂದೂಕು, ಒಂದು ಗಡಿಯಾರ. ಎಲ್ಲಪ್ಪಜ್ಜ ತನ್ನ ನೆಂಟರ ಹಟ್ಟಿಗಳಲ್ಲೆಲ್ಲ ತಿರುಗಿ, ಆ ಮೂರಕ್ಕೆ ಬದಲಾಗಿ ಒಂಬತ್ತು ಕಪ್ಪು ಟಗರು ಕೊಡಿಸಿದ. ಬಿಳಿ ಉಣ್ಣೆಯ ಮಾತನ್ನು ಅಜ್ಜ ಎತ್ತಲಿಲ್ಲ. ಹೊರಡುವಾಗ ಮಾತ್ರ, "ಚಳಿ ಐತ್ರಿ ದೊರಿ" ಎಂದು ತಾನು ನೇಯ್ದ ಒಂದು ಕರಿ ಕಂಬಳಿಯನ್ನು ಅವರಿಗೆ ಹೊದಿಸಿದ.

ಟಗರುಗಳನ್ನು ಹೊಡೆದುಕೊಂಡು ಕಲ್ಯಾಣದುರ್ಗದ ಮೇಲೆ ನಡೆದೇ ಹೊರಟೆವು. ನಾವಿಬ್ಬರು, ಒಬ್ಬ ಕುರುಬರವನು. ಎರಡನೆಯ ದಿನವೇ ಸಾಹೇಬರಿಗೆ ಚಳಿಜ್ವರ ಬಂತು. ಗಾಡಿ ಮಾಡೋಣವೆಂದರೆ ಕೇಳಲಿಲ್ಲ. ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ನಡುಗುತ್ತ ಕೂತಿದ್ದರು. ಕುರುಬರವನು ಟಗರುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಇಳಿದಿದ್ದ. ಎದೆಯಲ್ಲಿದ್ದದ್ದನ್ನು ಆಗ ಹೇಳಿಬಿಟ್ಟೆ.

"ಸಾಹೇಬ್ರ, ಆವತ್ತ ನೀವು ಮಾತು ಕೊಟ್ಟಿದ್ದಿಲ್ರಿ. ಅದನ್ನ ನಾ ಸೇರಿಸಿ ಹೇಳಿದ್ದೆ."

ಅವರು ಕಂಬಳಿಯ ಅಂಚನ್ನು ಎರಡು ಬೆರಳ ನಡುವೆ ತಿಕ್ಕುತ್ತಿದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡೆ.

"ನನಗ ಆವತ್ತೇ ಗೊತ್ತಾಗಿತ್ರಿ ನರಸಿಂಗಪ್ಪಾರ," ಎಂದರು. "ಮಾತು ಅಂದ್ರ ಏನು, ತಲಿ ಮ್ಯಾಲೆ ಅಂದ್ರ ಏನು, ಅಷ್ಟು ಕನ್ನಡ ನನಗ ಬರ್ತೈತಿ. ಅಲ್ಲ ಅನ್ನಬಹುದಿತ್ತು. ಸುಮ್ಮನಿದ್ರ ಕೆಲಸ ಆಗತಿತ್ತು, ಸುಮ್ಮನಾದೆ." ಕಂಬಳಿ ಬಿಗಿಯಾಗಿ ಹೊದ್ದುಕೊಂಡು, "ಆಕಿ ನನ್ನ ಕೇಳಿದ್ಲು. ನಾ ತಲಿ ಆಡಿಸಿದೆ. ನೀವಲ್ಲ" ಎಂದರು.

ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವರು ಎದ್ದು ಕೋಲು ಹಿಡಿದರು.

ಗುಡಿಬಂಡೆ ಮುಟ್ಟಿದ ದಿನ ಕರಿಯಮ್ಮ ಟಗರುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಹಲ್ಲು, ಗೊರಸು, ಕಣ್ಣಿನ ಅಂಚು ನೋಡಿದಳು. ಎಲ್ಲ ಹಟ್ಟಿಗಳವರೂ ಅವಳು ಏನನ್ನುತ್ತಾಳೋ ಎಂದು ಕಾಯುತ್ತಿದ್ದರು. ಅವಳ ಹಳೆಯ ಟಗರು ಗೋಡೆಗೆ ಒರಗಿ ಮೆಲುಕು ಹಾಕುತ್ತಿತ್ತು.

"ನಮ್ ಬೀಜ ಹೋಯ್ತು," ಎಂದಳು ಕೊನೆಗೆ. "ಇವು ನಮ್ಮವಲ್ಲ. ಇರ್ಲಿ, ಟಗ್ರೇ ತಾನೆ." ಒಂದನ್ನು ಕೊಂಬು ಹಿಡಿದು ತನ್ನ ರೊಪ್ಪಕ್ಕೆ ಎಳೆದುಕೊಂಡು ಹೋದಳು. ಸಾಹೇಬರಿಗೆ ಕೂರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಅವರು ಟೋಪಿ ಕೈಯಲ್ಲಿ ಹಿಡಿದು ಅವಳ ರೊಪ್ಪದ ಬಾಗಿಲು ಮುಚ್ಚುವವರೆಗೂ ಬಿಸಿಲಲ್ಲಿ ನಿಂತಿದ್ದರು.

ಆ ಜ್ವರ ಅವರನ್ನು ಬಿಡಲಿಲ್ಲ. ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದರು. ನಾನು ಹಳೆಯ ಕೆಲಸಕ್ಕೆ ಮರಳಿದೆ. ಐದು ತಿಂಗಳ ಮೇಲೆ ಒಮ್ಮೆ ಮಡಕಶಿರಕ್ಕೆ ಹೋಗಿ, ಹಟ್ಟಿಗಳನ್ನೆಲ್ಲ ತಿರುಗಿ ನೋಡಿಕೊಂಡು, ಅಲ್ಲಿಂದ ನೇರವಾಗಿ ಬಳ್ಳಾರಿಗೆ ಹೋದೆ. ಸಾಹೇಬರು ಮಂಚದ ಮೇಲಿನ ಚಾದರದಷ್ಟೇ ತೆಳ್ಳಗಾಗಿದ್ದರು. ಕಣ್ಣು ಮಾತ್ರ ನನ್ನ ಗುರುತು ಹಿಡಿಯಿತು.

"ಮರಿ ಹಾಕಿದ್ವೇನ್ರಿ?"

"ಹಾಕ್ಯಾವ್ರಿ. ಎಲ್ಲಾ ಹಟ್ಟ್ಯಾಗೂ."

"ಬಣ್ಣ?"

"ಎಲ್ಲಾ ಕರಿಯವೇ ಅದಾವ್ರಿ."

"ಚಲೋ ಆತು," ಎಂದರು. ಆಮೇಲೆ ಕೇಳಿದರು: "ಆಕಿ ಏನರ ಹೇಳಿದ್ಲೇನು?"

ಕರಿಯಮ್ಮನ ರೊಪ್ಪಕ್ಕೂ ನಾನು ಹೋಗಿದ್ದೆ. ಅವಳು ನನ್ನನ್ನು ನೋಡಿ ಒಳಕ್ಕೆ ಹೋಗಿದ್ದಳು. ದೊರೆಗೆ ಒಳ್ಳೆಯದಾಗಲಿ ಎಂದಳು, ಮರಿಗಳನ್ನು ನೋಡಿ ಕಣ್ಣೀರು ಹಾಕಿದಳು ಎನ್ನುವ ಸುಳ್ಳು ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

"ಏನೂ ಹೇಳ್ಲಿಲ್ರಿ."

ಅವರು ನಿಧಾನವಾಗಿ ತಲೆಯಾಡಿಸಿ, ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. ನಾಲ್ಕು ದಿನಕ್ಕೆ ಅವರು ತೀರಿಹೋದ ಸುದ್ದಿ ರಾಯದುರ್ಗಕ್ಕೆ ಬಂತು. ಅಷ್ಟರಲ್ಲಿ ಮಣ್ಣೂ ಆಗಿತ್ತು. ಎಲ್ಲಪ್ಪಜ್ಜ ಆ ದಿನ ಮಗ್ಗದ ಗುಂಡಿಗೆ ಇಳಿಯಲಿಲ್ಲ. ಬೆಟ್ಟದ ಹಿಂದೆ ಸಾಹೇಬರ ಹಳೆಯ ದೊಡ್ಡಿಯ ಗೋಡೆಯನ್ನು ಜನ ಒಂದೊಂದೇ ಕಲ್ಲಾಗಿ ಮನೆ ಕಟ್ಟಲು ಹೊತ್ತುಕೊಂಡು ಹೋದರು.

ಮುಂದಿನ ವರ್ಷ ಕೆಲಸದ ಮೇಲೆ ಮಡಕಶಿರಕ್ಕೆ ಹೋಗಿದ್ದಾಗ ಸಂತೆಯಲ್ಲಿ ಕರಿಯಮ್ಮ ಸಿಕ್ಕಳು. ನಾನು ತಪ್ಪಿಸಿಕೊಂಡು ಹೋಗಲಿದ್ದೆ, ಅವಳೇ ಕರೆದಳು.

"ಡಾಕ್ಟ್ರಪ್ಪ, ನಿಮ್ ದೊರೆ ಎಲ್ಲವ್ರೆ? ಈ ಕಡೆ ಬರ್ಲೇ ಇಲ್ಲ."

"ತೀರ್ಕೊಂಡ್ರು ಕಣಮ್ಮ. ವರ್ಷ ಆಗ್ತಾ ಬಂತು."

ಅವಳು ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಳಿಸಿದಳು. ಸಂತೆಯ ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂಗ್ಯಾರೂ ಹೇಳ್ಲಿಲ್ವಲ್ಲ," ಎಂದಳು. "ಅವ್ರಿಗೆ ಒಂದ್ ಮಾತು ಹೇಳ್ಬೇಕಿತ್ತು. ಬತ್ತಾರೆ, ಬಂದಾಗ ಹೇಳಾನ ಅಂತ ಇದ್ದೆ."

"ಅವತ್ತು ನಾನು ಬಂದಿದ್ನಲ್ಲ ಕರಿಯಮ್ಮ, ಮರಿ ನೋಡಾಕೆ. ಅಲ್ಲಿಂದ ಅವರ ಹತ್ರಕ್ಕೇ ಹೋದೆ. ನನ್ ಕೈಲಿ ಹೇಳಿದ್ರೆ ಮುಟ್ಟಿಸ್ತಿದ್ದೆ."

ಅವಳು ನನ್ನನ್ನು ನೆಟ್ಟಗೆ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ.

"ನಿನ್ ಕೈಲಿ ಹೇಳಿ ಕಳ್ಸೋ ಮಾತಲ್ಲ ಕಣಪ್ಪ ಅದು," ಎಂದು ಬುಟ್ಟಿ ಎತ್ತಿಕೊಂಡು ಹೋದಳು.